ಸಿಂಡರ್ ಕೋನ್ ಹತ್ತಬೇಕು ಅಂತಿದ್ದೀರಾ? ಮೈಲಿ ಆಮೇಲೆ ನೋಡಿ, ಮೊದಲು ನೆಲ ನೋಡಿ

ಹೋಗಿ ಬರೋದು ಸೇರಿ ನಾಲ್ಕು ಮೈಲಿ. ಇಷ್ಟು ಓದಿಕೊಂಡೇ ನಾನು ಅಪ್ಪ ಅಮ್ಮನನ್ನು ಕಾರಲ್ಲಿ ಕೂರಿಸಿಕೊಂಡು ಉತ್ತರ ಕ್ಯಾಲಿಫೋರ್ನಿಯಾದ ಸಿಂಡರ್ ಕೋನ್ ಅನ್ನೋ ಜ್ವಾಲಾಮುಖಿ ಗುಡ್ಡಕ್ಕೆ ಹೊರಟಿದ್ದೆ. ಅಮ್ಮ ಮೈಸೂರಿನಲ್ಲಿ ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುತ್ತಾರೆ. ಅಪ್ಪ ಆಷಾಢ ಶುಕ್ರವಾರ ಮೆಟ್ಟಿಲು ಹತ್ತಿಯೇ ಚಾಮುಂಡಿ ದರ್ಶನ ಮಾಡೋರು. ನಾಲ್ಕು ಮೈಲಿ ಇವರಿಗೆ ಯಾವ ಲೆಕ್ಕ ಅಂದುಕೊಂಡೆ.

ಕಾಡಿನೊಳಗಿನ ದಾರಿ ಆರಾಮಾಗಿ ಸಾಗಿತು. ಆಮೇಲೆ ಮರಗಳು ಮುಗಿದವು. ಎದುರಿಗೆ ಒಂದು ಕಪ್ಪು ಗುಡ್ಡ. ಹುಲ್ಲಿಲ್ಲ, ಬಂಡೆಯಿಲ್ಲ, ನೆರಳಿಲ್ಲ. ಅದರ ಮೈಮೇಲೆ ಓರೆಯಾಗಿ ಎಳೆದ ಗೆರೆಯ ಹಾಗೆ ಕಾಣುತ್ತಿದ್ದದ್ದೇ ದಾರಿ. ಅಮ್ಮ ಒಂದು ಸಲ ತಲೆ ಎತ್ತಿ ನೋಡಿದರು. ಪಕ್ಕದಲ್ಲಿ ಬಿದ್ದಿದ್ದ ದಿಮ್ಮಿಯ ಮೇಲೆ ಕೂತರು. "ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ" ಅಂದರು. ಅಪ್ಪ ಅರ್ಧದವರೆಗೂ ಬಂದರು. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಕೆಳಗೆ ಜಾರುತ್ತಿತ್ತು. "ಇದೇನೋ, ಮಂಡಕ್ಕಿ ಮೂಟೆ ಮೇಲೆ ನಡೆದ ಹಾಗಿದೆ" ಅಂತ ನಕ್ಕು ಅವರೂ ವಾಪಸ್ ಇಳಿದರು.

ತಪ್ಪು ನನ್ನದೇ. ಎಷ್ಟು ಮೈಲಿ ಅಂತ ನೋಡಿದೆ, ಯಾವುದರ ಮೇಲೆ ಅಂತ ನೋಡಲಿಲ್ಲ. ಅದಾದ ಮೇಲೆ ಇಂಥ ಗುಡ್ಡಗಳ ಹುಚ್ಚು ಹಿಡಿದು ಅಮೆರಿಕದ ಪಶ್ಚಿಮದ ಕಡೆ ಹಲವು ಕಡೆ ಓಡಾಡಿದ್ದೇನೆ. ಯಾರ ಜೊತೆ ಎಲ್ಲಿಗೆ ಹೋದರೆ ಸರಿ ಅನ್ನೋದನ್ನು ಇಲ್ಲಿ ಹೇಳುತ್ತೇನೆ.

ರಾಗಿ ರಾಶಿಯ ಲೆಕ್ಕ

ಸಿಂಡರ್ ಕೋನ್ ಅಂದರೆ ಏನು ಅಂತ ಗೊತ್ತಿದ್ದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಭೂಮಿಯೊಳಗಿನ ಕರಗಿದ ಕಲ್ಲಿನಲ್ಲಿ ಅನಿಲ ಜಾಸ್ತಿ ಇದ್ದರೆ, ಅಲುಗಾಡಿಸಿದ ಸೋಡಾ ಬಾಟಲಿ ತೆರೆದ ಹಾಗೆ ಅದು ಮೇಲಕ್ಕೆ ಚಿಮ್ಮುತ್ತದೆ. ಚಿಮ್ಮಿದ ಹನಿಗಳು ಗಾಳಿಯಲ್ಲೇ ಆರಿ, ಗುಳ್ಳೆ ಗುಳ್ಳೆಯಾಗಿ ಗಟ್ಟಿಯಾಗಿ, ಬಾಯಿಯ ಸುತ್ತ ಬೀಳುತ್ತವೆ. ಹಾಗೆ ಬಿದ್ದು ಬಿದ್ದು ರಾಶಿಯಾಗಿದ್ದೇ ಗುಡ್ಡ. ಒಂದು ತುಂಡು ಕೈಗೆತ್ತಿಕೊಂಡರೆ ಕುಲುಮೆಯ ಕಿಟ್ಟದ ಹಾಗಿರುತ್ತದೆ. ತೂತು ತೂತು, ಹಗುರ, ಅಂಚು ಮಾತ್ರ ಚೂಪು.

ಕಣದಲ್ಲಿ ರಾಗಿ ಸುರಿಯೋದನ್ನು ನೋಡಿದ್ದೀರಲ್ವಾ? ಎಷ್ಟೇ ಸುರಿದರೂ ರಾಶಿ ಒಂದು ಮಟ್ಟಕ್ಕಿಂತ ಕಡಿದಾಗುವುದಿಲ್ಲ, ಜಾರಿ ಅಗಲವಾಗುತ್ತದೆ. ಇಲ್ಲೂ ಅದೇ. ಹೊಸ ಸಿಂಡರ್ ಕೋನಿನ ಬದಿಗಳು ಮೂವತ್ತು ಡಿಗ್ರಿ ಆಸುಪಾಸಿನ ಇಳಿಜಾರಿನಲ್ಲಿ ನಿಂತಿರುತ್ತವೆ. ಅಂದರೆ ಇನ್ನೇನು ಜಾರಬೇಕು ಅನ್ನುವ ಹಂತದಲ್ಲೇ ಇಡೀ ಗುಡ್ಡ ಕೂತಿರುತ್ತದೆ. ಅದರ ಮೇಲೆ ನೀವು ಕಾಲಿಟ್ಟರೆ ಜಾರದೆ ಇನ್ನೇನಾಗುತ್ತೆ?

ಇಂಥ ಗುಡ್ಡ ಹುಟ್ಟೋದಕ್ಕೆ ಲಕ್ಷಾಂತರ ವರ್ಷ ಬೇಕಿಲ್ಲ. ಮೆಕ್ಸಿಕೋದ ಪರಿಕುಟಿನ್ 1943ರ ಫೆಬ್ರವರಿ 20ರಂದು ಒಬ್ಬ ರೈತನ ಮುಸುಕಿನ ಜೋಳದ ಹೊಲದಲ್ಲಿ ಬಿರುಕಾಗಿ ಶುರುವಾಯಿತು. 1952ರಲ್ಲಿ ನಿಂತಾಗ 424 ಮೀಟರ್ ಎತ್ತರದ ಗುಡ್ಡವಾಗಿತ್ತು. ಸಾಮಾನ್ಯವಾಗಿ ಸಿಂಡರ್ ಕೋನ್‌ಗಳು ಹೀಗೆ ಒಂದೇ ಸಲ ಉಕ್ಕಿ ಸುಮ್ಮನಾಗುತ್ತವೆ. ಹತ್ತುವಾಗ ಕೆಳಗಿಂದ ಏನಾದರೂ ಬರುತ್ತಾ ಅಂತ ಮಕ್ಕಳು ಕೇಳಿದರೆ ಇದನ್ನೇ ಹೇಳಿ.

ಕರ್ನಾಟಕದಲ್ಲಿ ಇಂಥದ್ದು ಹುಡುಕಬೇಡಿ. ಮಲ್ಪೆ ಹತ್ತಿರದ ಸೇಂಟ್ ಮೇರೀಸ್ ದ್ವೀಪದಲ್ಲಿ ಲಾವಾ ಆರಿ ಕಂಬಗಳಾಗಿ ನಿಂತಿದೆ, ಉತ್ತರ ಕರ್ನಾಟಕದ ಕಪ್ಪು ಮಣ್ಣಿನ ಕೆಳಗೆ ಲಾವಾದ ಹಾಸು ಇದೆ. ಆದರೆ ಹತ್ತೋಕೆ ಸಿಂಡರ್ ಕೋನ್ ಇಲ್ಲ. ಭಾರತದಲ್ಲಿ ಅಂದರೆ ಅಂಡಮಾನಿನ ಬ್ಯಾರನ್ ದ್ವೀಪ. ಅದು ಇನ್ನೂ ಬುಸುಗುಡುತ್ತಿರುವ ಜ್ವಾಲಾಮುಖಿ, ದೂರದಿಂದ ನೋಡಿ ಕೈ ಮುಗಿಯಬೇಕು ಅಷ್ಟೆ.

ಲ್ಯಾಸೆನ್: ನಿಜವಾಗಿ ಹತ್ತಲೇಬೇಕು ಅನ್ನೋರಿಗೆ

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಚೆಂದದ್ದು ಇದೇ, ಅಮ್ಮ ಕೆಳಗೇ ಕೂತದ್ದೂ ಇಲ್ಲೇ. ಲ್ಯಾಸೆನ್ ವೋಲ್ಕ್ಯಾನಿಕ್ ನ್ಯಾಷನಲ್ ಪಾರ್ಕ್‌ನ ಈಶಾನ್ಯ ಮೂಲೆಯಲ್ಲಿ ಬ್ಯೂಟ್ ಲೇಕ್ ಅನ್ನೋ ಕೆರೆ ಇದೆ. ದಾರಿ ಅಲ್ಲಿಂದ ಶುರು. ಗುಡ್ಡದ ಹೆಸರೇ ಸಿಂಡರ್ ಕೋನ್. ಬೇರೆ ಹೆಸರಿಡುವ ಗೋಜಿಗೇ ಯಾರೂ ಹೋಗಿಲ್ಲ.

ಬರುವವರಲ್ಲಿ ಹಲವರು ದಾರಿಯಲ್ಲೇ ಎಡವುತ್ತಾರೆ. ಫೋನಿನಲ್ಲಿ ಪಾರ್ಕಿನ ಹೆಸರು ಹಾಕಿದರೆ ಮ್ಯಾಪ್ ನಿಮ್ಮನ್ನು ಮುಖ್ಯ ಗೇಟಿಗೆ ಕರೆದೊಯ್ಯುತ್ತದೆ. ಪಾರ್ಕಿನ ಒಳಗಿನ ರಸ್ತೆಗೂ ಬ್ಯೂಟ್ ಲೇಕ್‌ಗೂ ಸಂಬಂಧವೇ ಇಲ್ಲ. ಹೊರಗೆ ಬಂದು ಹೆದ್ದಾರಿ 44 ಹಿಡಿದು ಮತ್ತೆ ಪೂರ್ವಕ್ಕೆ ಓಡಬೇಕು. ನಾವು ಮೊದಲ ಸಲ ಹೀಗೇ ಒಂದು ಗಂಟೆ ಕಳೆದುಕೊಂಡು, ಬಿಸಿಲು ನೆತ್ತಿಗೇರುವ ಹೊತ್ತಿಗೆ ತಲುಪಿದೆವು. 'ಬ್ಯೂಟ್ ಲೇಕ್' ಅಂತಲೇ ಹಾಕಿ. ಹೆದ್ದಾರಿ ಬಿಟ್ಟ ಮೇಲೆ ಆರು ಮೈಲಿ ಮಣ್ಣುರಸ್ತೆ, ಸಾಧಾರಣ ಕಾರು ನಿಧಾನಕ್ಕೆ ಹೋಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಿಂದ ಐದು ಗಂಟೆಗೂ ಜಾಸ್ತಿ ಡ್ರೈವ್. ಅದೇ ದಿನ ಹೋಗಿ ಬರ್ತೀವಿ ಅನ್ನೋ ಹುಮ್ಮಸ್ಸು ಬೇಡ. ಹಿಂದಿನ ರಾತ್ರಿ ಹತ್ತಿರದಲ್ಲೆಲ್ಲಾದರೂ ಉಳಿದು ಬೆಳಿಗ್ಗೆ ಏಳಕ್ಕೆಲ್ಲ ದಾರಿ ಹಿಡಿಯಿರಿ.

ಮೊದಲ ಭಾಗ ನಿಜಕ್ಕೂ ಸುಲಭ. ಪೈನ್ ಮರಗಳ ನಡುವೆ ಅಗಲವಾದ ದಾರಿ. ನೆಲವೆಲ್ಲ ಕಪ್ಪು ಮರಳಿನಂಥ ಪುಡಿ. ಎಡಗಡೆ ಉದ್ದಕ್ಕೂ ಒಂದು ಕಪ್ಪು ಗೋಡೆ ನಿಮ್ಮ ಜೊತೆಗೇ ಬರುತ್ತದೆ. ಜೆಸಿಬಿ ಬಂದು ಕಲ್ಲು ಗುಡ್ಡೆ ಹಾಕಿ ಹೋದ ಹಾಗೆ ಕಾಣುವ ಅದು ಲಾವಾದ ಅಂಚು. ಫ್ಯಾಂಟಾಸ್ಟಿಕ್ ಲಾವಾ ಬೆಡ್ಸ್ ಅಂತ ಹೆಸರು. ಈ ಲಾವಾ ಬಂದಿದ್ದು ಗುಡ್ಡದ ತುದಿಯಿಂದಲ್ಲ, ಬುಡದಿಂದ. ಸಡಿಲ ಕಿಟ್ಟದ ರಾಶಿಗೆ ಭಾರದ ಲಾವಾವನ್ನು ತುದಿವರೆಗೆ ಹಿಡಿದಿಡುವ ಶಕ್ತಿ ಇರುವುದಿಲ್ಲ, ಬುಡ ಒಡೆದು ಹರಿದುಬಿಡುತ್ತದೆ. ಹಾಗೆ ಹರಿದ ಲಾವಾ ತೊರೆಗೆ ಅಡ್ಡಕಟ್ಟಿದ್ದರಿಂದಲೇ ಆಚೆ ಕಡೆ ಸ್ನ್ಯಾಗ್ ಲೇಕ್ ಹುಟ್ಟಿತು. ನೀವು ನಡೆಯುವ ದಾರಿಯೂ ಹಳೆಯದು. 1850ರ ದಶಕದಲ್ಲಿ ಪೂರ್ವದಿಂದ ಗಾಡಿ ಕಟ್ಟಿಕೊಂಡು ಬಂದವರ ನೋಬಲ್ಸ್ ದಾರಿಯ ಒಂದು ತುಂಡು ಇದು.

ಆಮೇಲೆ ಹತ್ತೋದು. ಒಟ್ಟು ಏರು 846 ಅಡಿ, ಅಂದರೆ ಸುಮಾರು 258 ಮೀಟರ್. ಅಂಕಿ ನೋಡಿದರೆ ಚಾಮುಂಡಿ ಬೆಟ್ಟದ ಮೆಟ್ಟಿಲಿಗಿಂತ ಜಾಸ್ತಿಯೇನಿಲ್ಲ. ಆದರೆ ಅದರಲ್ಲಿ ಹೆಚ್ಚಿನ ಪಾಲು ಗುಡ್ಡದ ಮೈಮೇಲಿನ ಆ ಒಂದೇ ಓರೆ ಗೆರೆಯಲ್ಲಿದೆ, ಅಲ್ಲಿ ಮೆಟ್ಟಿಲೂ ಇಲ್ಲ, ಗಟ್ಟಿ ನೆಲವೂ ಇಲ್ಲ. ಚರ್ ಚರ್ ಅಂತ ಸದ್ದು. ಮೂವತ್ತು ಹೆಜ್ಜೆ ಇಡಿ, ನಿಲ್ಲಿ. ಮತ್ತೆ ಮೂವತ್ತು. ಮುಂದೆ ಹೋದವರ ಹೆಜ್ಜೆಗುರುತಿನಲ್ಲೇ ಕಾಲಿಟ್ಟರೆ ಜಾರೋದು ಸ್ವಲ್ಪ ಕಡಿಮೆ. ತುದಿ 6,907 ಅಡಿಯಲ್ಲಿದೆ, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಉಸಿರು ಕಟ್ಟಿದರೆ ವಯಸ್ಸಾಯ್ತು ಅಂತ ಬೇಜಾರು ಮಾಡ್ಕೋಬೇಡಿ, ಗಾಳಿಯೂ ತೆಳುವಾಗಿದೆ.

ಮೇಲೆ ಹೋದರೆ ಒಂದರೊಳಗೆ ಒಂದು ಎರಡು ಬಾಯಿ. ತಟ್ಟೆಯೊಳಗೆ ಬಟ್ಟಲಿಟ್ಟ ಹಾಗೆ. ಬೇಕಿದ್ದರೆ ಒಳಗಿನ ತಳಕ್ಕೂ ಇಳಿಯಬಹುದು, ಅಲ್ಲಿಂದ ಮತ್ತೆ ಹತ್ತಬೇಕು ಅನ್ನೋದು ನೆನಪಿರಲಿ. ನಾನು ಬಾಯಿಯ ಅಂಚಿನ ಮೇಲೆ ಒಂದು ಸುತ್ತು ಹಾಕಿದೆ. ದಕ್ಷಿಣದ ಕಡೆ ಕೆಳಗೆ ನೋಡಿದರೆ ಪೇಂಟೆಡ್ ಡ್ಯೂನ್ಸ್. ಕಿತ್ತಳೆ, ಇಟ್ಟಿಗೆ ಕೆಂಪು, ಬೂದು ಬಣ್ಣದ ದಿಬ್ಬಗಳು. ಮಧ್ಯೆ ಮಧ್ಯೆ ಒಂಟಿ ಪೈನ್ ಮರ. ಬಿಸಿ ಆರದ ಲಾವಾದ ಮೇಲೆ ಬೂದಿ ಬಿದ್ದು, ಅದರಲ್ಲಿದ್ದ ಕಬ್ಬಿಣ ತುಕ್ಕಿನ ಬಣ್ಣಕ್ಕೆ ತಿರುಗಿದ್ದು ಅದು. ಆಚೆ ಲ್ಯಾಸೆನ್ ಪೀಕ್. 1914ರಿಂದ 1917ರವರೆಗೆ ಉಗುಳಿದ್ದು ಅದೇ.

ಈ ಗುಡ್ಡದ ವಯಸ್ಸಿನ ವಿಷಯದಲ್ಲಿ ಒಂದು ತಮಾಷೆ ಇದೆ. 1850ರ ಆಸುಪಾಸಿನಲ್ಲಿ ಇಲ್ಲಿ ಬೆಂಕಿ ಕಂಡೆವು ಅಂತ ಚಿನ್ನ ಹುಡುಕಿಕೊಂಡು ಬಂದವರು ಹೇಳಿದ್ದರು. ಬಹಳ ಕಾಲ ಅದನ್ನೇ ಜನ ನಂಬಿದ್ದರು. ಆಮೇಲೆ ಮರದ ಉಂಗುರಗಳನ್ನೂ ಲಾವಾದಲ್ಲಿ ಉಳಿದ ಅಯಸ್ಕಾಂತದ ಗುರುತನ್ನೂ ಲೆಕ್ಕ ಹಾಕಿ ನೋಡಿದರೆ, ಅದು ಉಕ್ಕಿದ್ದು ಸುಮಾರು 1666ರಲ್ಲಿ. ಮೈಸೂರನ್ನು ದೊಡ್ಡದೇವರಾಜ ಒಡೆಯರು ಆಳುತ್ತಿದ್ದ ಕಾಲ. ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲು ಹಾಕಿಸಿದವರು ಅವರೇ ಅಂತಾರೆ. ಇಳಿದ ಮೇಲೆ ಇದನ್ನು ಅಪ್ಪನಿಗೆ ಹೇಳಿದೆ. "ಅವರು ಇಲ್ಲಿಗೂ ಒಂದು ಸಾವಿರ ಮೆಟ್ಟಿಲು ಹಾಕಿಸಿದ್ದರೆ ಆಗ್ತಿತ್ತು" ಅಂದರು.

ಯಾರಿಗೆ ಸರಿ? ಮಂಡಿ ಗಟ್ಟಿ ಇರೋರಿಗೆ, ಎಂಟು ಹತ್ತು ವರ್ಷ ದಾಟಿದ ಮಕ್ಕಳಿಗೆ. ಹತ್ತಲಾಗದವರು ಬುಡದವರೆಗೂ ಬಂದು ಲಾವಾ ನೋಡಿಕೊಂಡು ಬ್ಯೂಟ್ ಲೇಕ್ ದಡದಲ್ಲಿ ಕಾಲು ಇಳಿಬಿಟ್ಟು ಕೂತರೆ ಅದೂ ಒಳ್ಳೆಯ ದಿನವೇ. ಅಮ್ಮ ಹಾಗೇ ಹೇಳಿದರು, ನನ್ನ ಸಮಾಧಾನಕ್ಕೋ ಏನೋ. ದಾರಿಯಲ್ಲಿ ನೀರು ಸಿಗುವುದಿಲ್ಲ, ಫೋನ್ ಸಿಗ್ನಲ್ ಇಲ್ಲ, ನಾಯಿ ಕರೆದೊಯ್ಯುವಂತಿಲ್ಲ. ಹಿಮದ ದೆಸೆಯಿಂದ ಬ್ಯೂಟ್ ಲೇಕ್ ರಸ್ತೆ ಬೇಸಿಗೆಯಲ್ಲಿ ತೆರೆದು ಶರತ್ಕಾಲದ ಕೊನೆಗೆ ಮುಚ್ಚುತ್ತದೆ. ಮೇ ತಿಂಗಳಲ್ಲಿ ಹೊರಡೋ ಮುಂಚೆ ರಸ್ತೆ ತೆರೆದಿದೆಯಾ ಅಂತ ವಿಚಾರಿಸಿ. 2021ರ ಡಿಕ್ಸಿ ಕಾಳ್ಗಿಚ್ಚು ಪಾರ್ಕಿನ ಬಹುಭಾಗವನ್ನು ಸುಟ್ಟಿತು. ಆ ಕಡೆ ಓಡಾಡುವಾಗ ಕರಿಕಡ್ಡಿಯಾಗಿ ನಿಂತ ಮರಗಳು ಕಂಡರೆ ಅದೇ ಕಾರಣ.

ಆಂಬಾಯ್: ಚಳಿಗಾಲದ ಗುಡ್ಡ

ಲಾಸ್ ಏಂಜಲೀಸ್ ಕಡೆಯವರು ಲ್ಯಾಸೆನ್‌ವರೆಗೆ ಹೋಗಬೇಕಿಲ್ಲ. ಮೊಹಾವಿ ಮರುಭೂಮಿಯಲ್ಲಿ, ಹಳೆಯ ರೂಟ್ 66ರ ಪಕ್ಕದಲ್ಲಿ ಆಂಬಾಯ್ ಕ್ರೇಟರ್ ಇದೆ. ಎತ್ತರ 250 ಅಡಿ ಅಷ್ಟೆ. ಹೋಗಿ ಬರಲು ಮೂರು ಮೈಲಿ ಚಿಲ್ಲರೆ. ಟಿಕೆಟ್ ಇಲ್ಲ. ಕಾರು ನಿಲ್ಲಿಸುವ ಕಡೆ ನೆರಳಿನ ಚಪ್ಪರ, ಶೌಚಾಲಯ ಇವೆ. ಅದಾದ ಮೇಲೆ ನೆರಳು ಅಂದರೆ ನಿಮ್ಮ ಟೋಪಿಯದ್ದೇ.

ಇಲ್ಲಿಯ ಅನುಕೂಲ ಏನಪ್ಪಾ ಅಂದರೆ ಗುಡ್ಡದ ಪಶ್ಚಿಮದ ಗೋಡೆ ಒಡೆದಿದೆ. ಒಳಗಿನ ಲಾವಾ ಒಡೆದುಕೊಂಡು ಹೊರಗೆ ಹರಿದ ಜಾಗ ಅದು. ಬಾಗಿಲು ತೆರೆದಿಟ್ಟ ಕೋಟೆಯ ಹಾಗೆ ನೀವು ಅಲ್ಲಿಂದ ಒಳಗೆ ನುಗ್ಗಬಹುದು, ಕಡಿದಾದ ಏರು ಸ್ವಲ್ಪವೇ. ಒಳಗೆ ಮಣ್ಣು ಒಣಗಿ ಬಿರುಕುಬಿಟ್ಟ ಸಮತಟ್ಟು ನೆಲ. ಮೇಲೆ ಅಂಚಿಗೆ ಹೋಗಿ ನಿಂತರೆ ಒಂದು ಕಡೆ ಲಾವಾದ ಕಪ್ಪು, ಇನ್ನೊಂದು ಕಡೆ ಬ್ರಿಸ್ಟಲ್ ಲೇಕ್‌ನ ಒಣಗಿದ ಉಪ್ಪಿನ ಬಿಳುಪು. ಮಧ್ಯೆ ಗೂಡ್ಸ್ ರೈಲು. ನನ್ನ ಮಗಳು ಡಬ್ಬಿ ಎಣಿಸೋಕೆ ಶುರು ಮಾಡಿ ನೂರರ ಹತ್ತಿರ ಲೆಕ್ಕ ತಪ್ಪಿದಳು. ರೈಲಿನ್ನೂ ಮುಗಿದಿರಲಿಲ್ಲ.

ಏರು ನೋಡಿದರೆ ಇದು ಲ್ಯಾಸೆನ್‌ಗಿಂತ ಎಷ್ಟೋ ಸುಲಭ. ಹಾಗಂತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಇದರ ಹತ್ತಿರ ಸುಳಿಯಬೇಡಿ. ನೂರು ಡಿಗ್ರಿ ಫ್ಯಾರನ್‌ಹೀಟ್ ಅಲ್ಲಿ ಮಾಮೂಲು. ಕಪ್ಪು ಕಲ್ಲು ಕೆಳಗಿಂದ ಬೇಯಿಸುತ್ತದೆ, ಸೂರ್ಯ ಮೇಲಿಂದ. ಈ ಮೂರು ಮೈಲಿಯಲ್ಲಿ ಬಿಸಿಲಿಗೆ ಸಿಕ್ಕಿ ಜೀವ ಕಳೆದುಕೊಂಡವರಿದ್ದಾರೆ. ರಾಯಚೂರು ಬಿಸಿಲು ನೋಡಿದೋರು ನಾವು ಅನ್ನೋ ಮಾತು ಇಲ್ಲಿ ನಡೆಯುವುದಿಲ್ಲ, ರಾಯಚೂರಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಯಾರೂ ಕಪ್ಪು ಕಲ್ಲಿನ ಮೇಲೆ ಮೂರು ಮೈಲಿ ನಡೆಯಲ್ಲ. ನವೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ. ಜೋಶುವಾ ಟ್ರೀ ನ್ಯಾಷನಲ್ ಪಾರ್ಕ್‌ಗೆ ಹೋಗುವ ಪ್ಲಾನ್ ಇದ್ದರೆ ಇದನ್ನು ಜೊತೆಗೆ ಸೇರಿಸಿಕೊಳ್ಳಿ. ಪೆಟ್ರೋಲ್, ನೀರು ಎರಡನ್ನೂ ಟ್ವೆಂಟಿನೈನ್ ಪಾಮ್ಸ್ ಊರಿನಲ್ಲೇ ತುಂಬಿಕೊಂಡು ಹೊರಡಿ. ರೂಟ್ 66ರ ಹಳೆಯ ಮರದ ಸೇತುವೆಗಳು ಮಳೆನೀರಿಗೆ ಕೆಟ್ಟು ಕೆಲವು ಭಾಗ ಮುಚ್ಚಿರುವುದುಂಟು, ಹಾಗಾಗಿ ಬರುವ ದಾರಿಯನ್ನೂ ನೋಡಿಕೊಳ್ಳಿ.

ಗ್ರ್ಯಾಂಡ್ ಕ್ಯಾನಿಯನ್‌ಗೆ ಹೋಗುವ ದಾರಿಯಲ್ಲಿ

ಊರಿಂದ ಅಪ್ಪ ಅಮ್ಮ ಬಂದರೆ ಗ್ರ್ಯಾಂಡ್ ಕ್ಯಾನಿಯನ್ ತೋರಿಸದೆ ಯಾರೂ ಕಳಿಸಲ್ಲ. ಅರಿಜೋನಾದ ಫ್ಲ್ಯಾಗ್‌ಸ್ಟಾಫ್ ಸುತ್ತಮುತ್ತ ಇಂಥ ಗುಡ್ಡಗಳು ನೂರಾರು. ದೂರದಿಂದ ನೋಡಿದರೆ ಸುಗ್ಗಿಯ ಕಣದ ಹಾಗೇ ಕಾಣುತ್ತದೆ.

ಹೆಚ್ಚು ಹೆಸರು ಕೇಳುವುದು ಸನ್‌ಸೆಟ್ ಕ್ರೇಟರ್. ಕ್ರಿ.ಶ. 1085ರ ಸುಮಾರಿಗೆ ಉಕ್ಕಿದ್ದು, ತುದಿ ಕೆಂಪು, ಬುಡ ಕಪ್ಪು. ಸಂಜೆ ಬಿಸಿಲು ಯಾವಾಗಲೂ ಅದರ ಮೇಲೇ ಬಿದ್ದಿದೆಯೇನೋ ಅನ್ನಿಸುತ್ತದೆ. ಆದರೆ ಅದನ್ನು ಹತ್ತುವಂತಿಲ್ಲ. ಬಹಳ ಜನ ಅಲ್ಲಿಗೆ ಹೋದ ಮೇಲೆ ಈ ವಿಷಯ ತಿಳಿದು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಜನ ಹತ್ತಿ ಇಳಿದ ಜಾಗದಲ್ಲಿ ಸವೆದು ಕೊರಕಲು ಬಿದ್ದವು, 1973ರಲ್ಲಿ ಹತ್ತುವುದನ್ನೇ ನಿಲ್ಲಿಸಿದರು. ಅದಕ್ಕೂ ಮುಂಚೆ, 1928ರಲ್ಲಿ, ಒಂದು ಸಿನಿಮಾ ಕಂಪನಿ ಗುಡ್ಡ ಕುಸಿಯುವ ದೃಶ್ಯಕ್ಕೆ ಇಲ್ಲಿ ಡೈನಮೈಟ್ ಇಡಲು ಹೊರಟಿತ್ತು. ಊರವರು ಗಲಾಟೆ ಎಬ್ಬಿಸಿದರು, 1930ರಲ್ಲಿ ಇದು ನ್ಯಾಷನಲ್ ಮಾನ್ಯುಮೆಂಟ್ ಆಯಿತು. ಈಗ ಬುಡದ ಲಾವಾದ ಮಧ್ಯೆ ಒಂದು ಮೈಲಿ ಸುತ್ತಬಹುದು. ಹತ್ತಲೇಬೇಕು ಅಂದರೆ ಪಕ್ಕದಲ್ಲೇ ಲೆನಾಕ್ಸ್ ಕ್ರೇಟರ್ ಇದೆ, ಒಂದೂವರೆ ಮೈಲಿ ಚಿಲ್ಲರೆ ದಾರಿ, ಏರು ಮುನ್ನೂರು ಅಡಿಯ ಒಳಗೆ. ಹತ್ತಿದ್ದೀವಿ ಅಂತ ಹೇಳಿಕೊಳ್ಳೋದಕ್ಕೆ ಸಾಕು. ಮೇಲೆ ದೊಡ್ಡ ಬಾಯಿ ಕಾಣುತ್ತೆ ಅಂತ ಮಾತ್ರ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ನನ್ನನ್ನು ಕೇಳಿದರೆ ಸನ್‌ಸೆಟ್ ಕ್ರೇಟರನ್ನು ಕಾರಿಂದಿಳಿದು ನೋಡಿ, ನಡೆಯೋದಕ್ಕೆ ರೆಡ್ ಮೌಂಟನ್‌ಗೆ ಹೋಗಿ. ಫ್ಲ್ಯಾಗ್‌ಸ್ಟಾಫ್‌ನಿಂದ ಹೆದ್ದಾರಿ 180ರಲ್ಲಿ ಗ್ರ್ಯಾಂಡ್ ಕ್ಯಾನಿಯನ್ ಕಡೆ ಮೂವತ್ತು ಮೈಲಿ ದಾಟಿದ ಮೇಲೆ ಎಡಗಡೆ. ಟಿಕೆಟ್ ಇಲ್ಲ. ಇದರ ವಿಶೇಷ ಏನಂದರೆ ಇದನ್ನು ಹತ್ತೋದೇ ಇಲ್ಲ, ಒಳಗೇ ನಡೆದುಕೊಂಡು ಹೋಗೋದು. ಗುಡ್ಡದ ಒಂದು ಮಗ್ಗುಲು ತೆರೆದುಕೊಂಡು ಒಳಹೊಟ್ಟೆ ಕಾಣುತ್ತದೆ. ಹಲಸಿನ ಹಣ್ಣು ಸೀಳಿಟ್ಟ ಹಾಗೆ. ಹೋಗಲು ಒಂದೂವರೆ ಮೈಲಿಯ ಒಳಗೆ, ಬರಲು ಅಷ್ಟೇ. ಏರು ಗೊತ್ತೇ ಆಗದಷ್ಟು ನಿಧಾನ. ಕೊನೆಗೆ ಒಣ ಹಳ್ಳದ ಪಾತ್ರದಲ್ಲಿ ನಡೆಯುತ್ತೀರಿ. ಅಲ್ಲೊಂದು ಹಳೆಯ ಕಲ್ಲಿನ ಕಟ್ಟೆ ಅಡ್ಡ ಬರುತ್ತದೆ, ದಾಟಲು ಚಿಕ್ಕ ಏಣಿ ಇಟ್ಟಿದ್ದಾರೆ. ದಾಟಿದರೆ ಸುತ್ತ ಕೆಂಪು, ಕಿತ್ತಳೆ, ಕಪ್ಪು ಗೋಡೆಗಳು, ಮಳೆಗಾಳಿ ಕೊರೆದು ಮಾಡಿದ ಕಂಬಗಳು. ಗೋಡೆಯನ್ನು ಹತ್ತಿರದಿಂದ ನೋಡಿ. ಒಂದು ಪದರ ದಪ್ಪ ತುಂಡುಗಳದ್ದು, ಅದರ ಮೇಲೆ ಸಣ್ಣ ರವೆಯಂಥದ್ದು, ಮತ್ತೆ ದಪ್ಪದ್ದು. ಜ್ವಾಲಾಮುಖಿ ಜೋರಾಗಿ ಉಸಿರುಬಿಟ್ಟ ದಿನಗಳೂ ಮೆಲ್ಲಗೆ ಬಿಟ್ಟ ದಿನಗಳೂ ಸಾಲಾಗಿ ಕೂತಿವೆ. ಬೇರೆ ಕೋನ್‌ಗಳನ್ನು ಎಷ್ಟು ಹತ್ತಿದರೂ ಇದು ಕಾಣುವುದಿಲ್ಲ. ಹೊರಗಿನ ಚರ್ಮವಷ್ಟೇ ಕಾಣೋದು.

ಕಾರಲ್ಲೇ ತುದಿಗೆ

ಮಂಡಿನೋವು ಇರೋರು, ಕೈಗೂಸು ಇರೋರು ಬೇಜಾರು ಮಾಡಿಕೊಳ್ಳಬೇಕಿಲ್ಲ. ನ್ಯೂ ಮೆಕ್ಸಿಕೋದ ಕಪುಲಿನ್ ಜ್ವಾಲಾಮುಖಿಗೆ ಸುತ್ತಿ ಸುತ್ತಿ ಹತ್ತುವ ರಸ್ತೆ ಇದೆ, ಕಾರು ಬಾಯಿಯ ಅಂಚಿನವರೆಗೂ ಹೋಗುತ್ತದೆ. ಡಾಲಸ್ ಕಡೆಯ ಕನ್ನಡಿಗರು ಕೊಲರಾಡೋಗೆ ಕಾರಲ್ಲಿ ಹೋಗುವಾಗ ಕ್ಲೇಟನ್, ರಟೋನ್ ಮೂಲಕ ಹೋದರೆ ಇದರ ಪಕ್ಕದಲ್ಲೇ ಹಾಯ್ದು ಹೋಗ್ತೀರಿ. ದಾರಿಬದಿಯ ಗುಡ್ಡ ಅಂತ ನೋಡಿ ಮುಂದೆ ಹೋಗೋರೇ ಜಾಸ್ತಿ. ಸುಮಾರು ಅರವತ್ತು ಸಾವಿರ ವರ್ಷ ಹಳೆಯದು, ಆದರೂ ಆಕಾರ ಮುಕ್ಕಾಗಿಲ್ಲ. ಹುಲ್ಲು, ಗಿಡ ಬೆಳೆದು ರಾಶಿಯನ್ನು ಬೇರಿನಿಂದ ಹಿಡಿದಿಟ್ಟಿವೆ. ಅಂಚಿನ ಮೇಲೆ ಒಂದು ಮೈಲಿ ಡಾಂಬರು ಹಾಕಿದ ಕಾಲುದಾರಿ. ಬಾಯಿಯ ತಳಕ್ಕೆ ಇಳಿಯೋದು ಇನ್ನೂ ಚಿಕ್ಕದು, ಅಪ್ಪ ಅಮ್ಮನಿಗೆ ಅದೇ ಸಾಕಾಗಬಹುದು.

ಡಾಂಬರು ಅಂದ ತಕ್ಷಣ ಸಪಾಟು ಅಂದುಕೊಳ್ಳಬೇಡಿ. ಅಂಚಿನ ದಾರಿಯಲ್ಲಿ ಏರಿಳಿತ ಚೆನ್ನಾಗಿಯೇ ಇದೆ, ತುದಿ 8,182 ಅಡಿಯಲ್ಲಿದೆ. ಅಲ್ಲಲ್ಲಿ ನಿಂತು ಹೋಗಿ. ಬೇಸಿಗೆಯಲ್ಲಿ ಹೋದರೆ ಮೇಲೆ ಗುಲಗಂಜಿ ಹುಳುಗಳು, ಅದೇ ಕೆಂಪು ಮೈಮೇಲೆ ಕಪ್ಪು ಚುಕ್ಕಿಯ ಲೇಡಿಬಗ್‌ಗಳು, ಗಿಡದ ತುಂಬ ಮುತ್ತಿಕೊಂಡಿರುತ್ತವೆ. ಮಕ್ಕಳಿಗೆ ಜ್ವಾಲಾಮುಖಿ ಮರೆತೇ ಹೋಗುತ್ತೆ. ಮೇಲೆ ಕಾರು ನಿಲ್ಲಿಸಲು ಜಾಗ ಕಡಿಮೆ, ಬೆಳಿಗ್ಗೆಯೇ ಹೋಗುವುದು ವಾಸಿ.

ಒರೆಗನ್‌ನ ಬೆಂಡ್ ಊರಿನ ಹತ್ತಿರದ ಲಾವಾ ಬ್ಯೂಟ್ ಕೂಡ ಇದೇ ಜಾತಿ. ಐನೂರು ಅಡಿ ಗುಡ್ಡ, ಮೇಲೆ ಕಾಳ್ಗಿಚ್ಚು ಕಾಯುವವರ ಗೋಪುರ, ಕಾಲು ಮೈಲಿಯ ಸುತ್ತು. ಪೋರ್ಟ್‌ಲ್ಯಾಂಡ್ ಕಡೆಯವರಿಗೆ ಒಳ್ಳೆಯದು. ನಡೆದದ್ದು ಅನ್ನಿಸುವುದಿಲ್ಲ ಅಷ್ಟೆ.

ಇನ್ನು ಐಡಾಹೋದ ಇನ್ಫರ್ನೋ ಕೋನ್. ಕ್ರೇಟರ್ಸ್ ಆಫ್ ದ ಮೂನ್ ಅನ್ನೋ ಲಾವಾ ಬಯಲಿನೊಳಗಿದೆ. ಹೋಗಿ ಬರಲು ಅರ್ಧ ಮೈಲಿಯೂ ಇಲ್ಲ, ಆದರೆ ನೇರ ಏರು, ದಾರಿ ಅಂತ ಮಾಡಿದ್ದೂ ಕಪ್ಪು ಕಿಟ್ಟದ ಮೇಲೆಯೇ. ಹತ್ತು ನಿಮಿಷ ಉಬ್ಬಸ, ಆಮೇಲೆ ಸುತ್ತ ಕಪ್ಪು ಸಮುದ್ರ. 1969ರಲ್ಲಿ ಅಪೋಲೋ ಯಾತ್ರಿಗಳು ಕಲ್ಲು ಗುರುತಿಸುವುದನ್ನು ಕಲಿಯಲು ಇಲ್ಲಿಗೆ ಬಂದಿದ್ದರು ಅಂತ ಹೇಳಿದರೆ ಮಕ್ಕಳು ಓಡಿಕೊಂಡು ಹತ್ತುತ್ತಾರೆ. ಬಾಯ್ಸಿಯಿಂದ ಯೆಲ್ಲೋಸ್ಟೋನ್‌ಗೆ ಕಾರಲ್ಲಿ ಹೋಗುವವರು ಎರಡು ಗಂಟೆ ಇಲ್ಲಿಗೆ ಎತ್ತಿಡಿ.

ಹವಾಯಿಯ ಡೈಮಂಡ್ ಹೆಡ್ ಹತ್ತಿದ್ದೇವಲ್ಲ, ಅದೂ ಇದೇ ತಾನೇ ಅಂತ ಗೆಳೆಯರೊಬ್ಬರು ಕೇಳಿದರು. ಅಲ್ಲ. ಅಲ್ಲಿ ಬಿಸಿ ಲಾವಾಕ್ಕೆ ನೀರು ಸಿಕ್ಕಿ ಸಿಡಿದು, ನುಣ್ಣನೆಯ ಬೂದಿ ಬಿದ್ದು ಗಟ್ಟಿ ಕಲ್ಲಾಗಿದೆ. ಅದಕ್ಕೇ ಅಲ್ಲಿ ಮೆಟ್ಟಿಲು ಹಾಕಲು, ಸುರಂಗ ಕೊರೆಯಲು ಆಗಿದ್ದು. ಅದನ್ನು ಹತ್ತಿದ ಧೈರ್ಯದಲ್ಲಿ ಲ್ಯಾಸೆನ್‌ಗೆ ಹೋಗಬೇಡಿ.

ಕಾಲಿಗೆ ಏನು, ಚೀಲದಲ್ಲಿ ಏನು

ಚಪ್ಪಲಿ ಬೇಡ, ಎಲ್ಲಿಗೂ ಬೇಡ. ಕಣಕಾಲು ಮುಚ್ಚುವ ಶೂ ಇದ್ದರೆ ಒಳ್ಳೆಯದು, ಇಲ್ಲವಾದರೆ ಉದ್ದ ಕಾಲುಚೀಲ ಹಾಕಿ ಪ್ಯಾಂಟಿನ ತುದಿಯನ್ನು ಅದರೊಳಗೆ ತುರುಕಿ. ನೋಡೋಕೆ ಚೆನ್ನಾಗಿರಲ್ಲ, ಹಿಮ್ಮಡಿ ಉಳಿಯುತ್ತೆ. ಕಿಟ್ಟದ ಚೂರು ಶೂ ಒಳಗೆ ಸೇರಿದರೆ ಗಾಜಿನ ಪುಡಿ ಇದ್ದ ಹಾಗೆ. ಕೈಗೋಲು ಒಂದಾದರೂ ಇರಲಿ. ಹತ್ತುವಾಗಿನದಕ್ಕಿಂತ ಇಳಿಯುವಾಗ ಅದರ ಬೆಲೆ ಗೊತ್ತಾಗುತ್ತದೆ. ಇಳಿಯುವಾಗ ಹಿಮ್ಮಡಿ ಊರಿ, ಮಂಡಿ ಸ್ವಲ್ಪ ಬಗ್ಗಿಸಿ, ದಾರಿಯಲ್ಲೇ ಇಳಿಯಿರಿ. ಜಾರುಬಂಡೆ ಆಡಿಕೊಂಡು ನೇರ ಇಳಿದುಬಿಡೋಣ ಅನ್ನಿಸುತ್ತೆ, ನನಗೂ ಅನ್ನಿಸಿತ್ತು. ಆದರೆ ಇಂಥ ಗುಡ್ಡದಲ್ಲಿ ಒಂದು ಸಲ ಬಿದ್ದ ಗೀರು ವರ್ಷಗಟ್ಟಲೆ ಹೋಗಲ್ಲ. ಸನ್‌ಸೆಟ್ ಕ್ರೇಟರ್ ಬಾಗಿಲು ಹಾಕಿಕೊಂಡಿದ್ದು ಅದಕ್ಕೇ.

ನೀರು ತಲೆಗೆ ಎರಡು ಲೀಟರ್. ಆಂಬಾಯ್‌ಗೆ ಇನ್ನೂ ಜಾಸ್ತಿ. ಉಪ್ಪು ಹಾಕಿದ ಮಜ್ಜಿಗೆ ಫ್ಲಾಸ್ಕಿನಲ್ಲಿದ್ದರೆ ತುದಿಯಲ್ಲಿ ಕೂತವರೆಲ್ಲ ನಿಮ್ಮ ಕಡೆಯೇ ನೋಡ್ತಾರೆ. ಊಟಕ್ಕೆ ಪುಳಿಯೋಗರೆ ವಾಸಿ, ಮೊಸರನ್ನ ಬಿಸಿಲಿಗೆ ಹುಳಿಯಾಗುತ್ತೆ. ತುದಿಯಲ್ಲಿ ಗಾಳಿ ಜೋರು, ತಟ್ಟೆ ಹರಡಿಕೊಂಡು ಕೂರೋ ಆಸೆ ಬಿಟ್ಟು ಡಬ್ಬಿಯಲ್ಲೇ ತಿನ್ನಿ. ಅಮ್ಮಂದಿರು ಸೀರೆಯಲ್ಲೇ ನಡೀತೀನಿ ಅಂದರೆ ರೆಡ್ ಮೌಂಟನ್, ಕಪುಲಿನ್ ಎರಡಕ್ಕೂ ತೊಂದರೆಯಿಲ್ಲ. ಲ್ಯಾಸೆನ್‌ಗೆ ಚೂಡಿದಾರ್ ಹಾಕಿಸಿ.

ಈ ಸಲ

ಅಕ್ಟೋಬರ್‌ನಲ್ಲಿ ಅಪ್ಪ ಅಮ್ಮ ಮತ್ತೆ ಬರುತ್ತಿದ್ದಾರೆ. ಬ್ಯೂಟ್ ಲೇಕ್ ಕಡೆ ಆ ಹೊತ್ತಿಗೆ ಹಿಮದ ಭಯ, ಆಂಬಾಯ್‌ನಲ್ಲಿ ಬಿಸಿಲು ಇನ್ನೂ ಇಳಿದಿರುತ್ತೋ ಇಲ್ಲವೋ. ಹೇಗೂ ಗ್ರ್ಯಾಂಡ್ ಕ್ಯಾನಿಯನ್ ನೋಡೋದು ಬಾಕಿಯಿದೆ. ರೆಡ್ ಮೌಂಟನ್ ಅಂತ ಗಟ್ಟಿ ಮಾಡಿದ್ದೇನೆ. ಮೊನ್ನೆ ಫೋನಿನಲ್ಲಿ ಅಮ್ಮನಿಗೆ ಹೇಳಿದೆ, ಈ ಸಲ ಜ್ವಾಲಾಮುಖಿ ಒಳಗೇ ಕರೆದುಕೊಂಡು ಹೋಗ್ತೀನಿ, ಹತ್ತೋದಿಲ್ಲ ಅಂತ.

"ಹೋದ ಸಲಾನೂ ಹೀಗೇ ಹೇಳಿದ್ದೆ" ಅಂದರು. "ಮೆಟ್ಟಿಲು ಎಷ್ಟಿದೆಯೋ, ನಿಜ ಹೇಳು."

"ಒಂದು ಏಣಿ ಇದೆ ಅಮ್ಮ. ಅದಕ್ಕೆ ಆರು ಮೆಟ್ಟಿಲು."

ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ಆಮೇಲೆ ಅಪ್ಪನಿಗೆ ಹೇಳಿದ್ದು ಕೇಳಿಸಿತು: "ಆರಂತೆ ಕಣ್ರೀ. ಆರು ನೂರು ಇರಬೇಕು."